ಮತಕಂಠ ಮೀಮಾಂಸೆ

ಮತದಾರನು ಪ್ರಣಾಳಿಕೆ ಓದಿ ಮತ ಹಾಕುತ್ತಾನೆಂಬುದು ಪೂರ್ವಪಕ್ಷ. ಇದರ ಖಂಡನೆಗೆ ಹೆಚ್ಚು ಶ್ರಮ ಬೇಕಿಲ್ಲ. ಪ್ರಣಾಳಿಕೆಯನ್ನು ಪೂರ್ತಿ ಓದಿದವನು ಕರಡು ತಿದ್ದಿದವನೊಬ್ಬನೇ. ಮತವು ಕಿವಿಯಿಂದಲೇ ಒಳಹೊಗುತ್ತದೆಂಬುದು ಸಿದ್ಧಾಂತ.

ಪರದೇಶದ ಪ್ರಮಾಣವೂ ಉಂಟು. 2012ರಲ್ಲಿ ಅಮೆರಿಕದ ಕ್ಲೋಫ್‌ಸ್ಟಾಡ್, ಆಂಡರ್ಸನ್, ಪೀಟರ್ಸ್ ಎಂಬ ಮೂವರು ವಿದ್ವಾಂಸರು, ‘ನವೆಂಬರಿನಲ್ಲಿ ನನಗೇ ಮತ ಕೊಡಿ’ ಎಂಬರ್ಥದ ಒಂದೇ ವಾಕ್ಯವನ್ನು ಗಂಡಸರಿಂದಲೂ ಹೆಂಗಸರಿಂದಲೂ ಹೇಳಿಸಿ, ಪ್ರತಿ ದನಿಯನ್ನೂ ಒಮ್ಮೆ ಏರಿಸಿ ಒಮ್ಮೆ ಇಳಿಸಿ ಜನರಿಗೆ ಕೇಳಿಸಿದರು. ಜನ ಒಲಿದದ್ದು ಇಳಿದ ದನಿಗೆ. ಆ ವಾಕ್ಯದಲ್ಲಿ ರಸ್ತೆಯಿರಲಿಲ್ಲ, ನೀರಿರಲಿಲ್ಲ, ಜಾತಿಯೂ ಇರಲಿಲ್ಲ. (ಜಾತಿಯಿಲ್ಲದೆ ಚುನಾವಣೆಯ ಅಧ್ಯಯನ ಹೇಗಾಯಿತೆಂಬ ಸಂಶಯ ಈ ಲೇಖಕನಿಗೆ ಇನ್ನೂ ತೀರಿಲ್ಲ.) ಬ್ರಿಟನ್ನಿನ ಮಾರ್ಗರೆಟ್ ಥ್ಯಾಚರ್ ಗುರುಮುಖೇನ ದನಿ ತಗ್ಗಿಸಿಕೊಂಡು 1979ರಲ್ಲಿ ಪ್ರಧಾನಿಯಾದರು. ಕೀರಲು ಕಂಠದ ಲಿಂಕನ್ ಗೆದ್ದನಲ್ಲ ಎಂದು ಆಕ್ಷೇಪಿಸಿದರೆ, ಆಗ ಮೈಕ್‌ಸೆಟ್ ಇರಲಿಲ್ಲ, ಹಿಂದಿನ ಸಾಲಿಗೂ ಕೇಳಬೇಕಿತ್ತು ಎಂಬುದೇ ಸಮಾಧಾನ.

ನಮ್ಮಲ್ಲಿ ಗುರು ಅನಾವಶ್ಯಕ. ನಾಮಪತ್ರ ಸಲ್ಲಿಸಿದ ದಿನ ಅಭ್ಯರ್ಥಿ ತಾರಸ್ಥಾಯಿಯಲ್ಲಿರುತ್ತಾನೆ. ಆಮೇಲೆ ತೆರೆದ ಜೀಪು, ದೂಳು, ಕ್ರೇನಿಗೆ ತೂಗುಹಾಕಿದ ಸೇಬಿನ ಹಾರ, ಹಳ್ಳಿಗೊಂದು ಭಾಷಣ. ಹತ್ತನೇ ದಿನಕ್ಕೆ ಗಂಟಲು ಕಟ್ಟುತ್ತದೆ. ಊದಿದ ಸ್ವರತಂತು ದಪ್ಪನಾಗಿ ನಿಧಾನಕ್ಕೆ ಕಂಪಿಸುತ್ತದೆ, ವೀಣೆಯ ಮಂದ್ರದ ತಂತಿಯ ಹಾಗೆ. ಥ್ಯಾಚರ್ ಪಾಠ ಹೇಳಿಸಿಕೊಂಡು ಪಡೆದದ್ದನ್ನು ನಮ್ಮವನು ಬರೀ ಕೂಗಿ ಪಡೆದ! ‘ಪಾಪ, ನಮಗೋಸ್ಕರ ಗಂಟ್ಲೇ ಹೋಯ್ತಲ್ಲಪ್ಪಾ’ ಎಂದು ಅರಳಿಕಟ್ಟೆ ಕರಗುವುದು ಈ ಘಟ್ಟದಲ್ಲೇ. ವಿಧಾನಸಭೆಯ ಅಭ್ಯರ್ಥಿಗೆ 40 ಲಕ್ಷ ರೂಪಾಯಿಯ ಖರ್ಚಿನ ಮಿತಿಯಿದೆ. ಬಾಯಿ ಮುಕ್ಕಳಿಸುವ ಉಪ್ಪುನೀರನ್ನು ಅದರಲ್ಲಿ ಯಾವ ತಲೆಬರಹದಡಿ ಬರೆಯಬೇಕೆಂದು ಲೆಕ್ಕಪರಿಶೋಧಕರೇ ಹೇಳಬೇಕು.

ಒಂದು ಗಂಟು ಮಾತ್ರ ಬಿಡಿಸಲಾಗಿಲ್ಲ. ದಿನವಿಡೀ ನಮ್ಮ ಬೀದಿಗೆ ಕೇಳುವುದು ಆಟೋದ ಮೇಲಿನ ಬಾಡಿಗೆ ಕಂಠ. ಅದೇ ಕಂಠ ಬೆಳಿಗ್ಗೆ ಒಬ್ಬನನ್ನು ‘ಬಡವರ ಬಂಧು’ ಎಂದದ್ದು ಸಂಜೆ ಇನ್ನೊಬ್ಬನನ್ನೂ ಅನ್ನುತ್ತದೆ. ಗಂಭೀರವಾದ ಕಂಠ, ನಿಂತರೆ ಗೆಲ್ಲುತ್ತದೆ. ಠೇವಣಿಗೆ ದುಡ್ಡಿಲ್ಲವಂತೆ.

ಇನ್ನು ಕಾನೂನಿನ ಅರಸಿಕತೆ. ಮತದಾನ ಮುಗಿಯುವುದಕ್ಕೆ 48 ಗಂಟೆ ಮೊದಲೇ ಬಹಿರಂಗ ಪ್ರಚಾರ ನಿಲ್ಲಬೇಕು. ಅಂದರೆ ಕಂಠ ಹದವಾಗಿ ಮಾಗಿದ ಹೊತ್ತಿಗೇ ಮೈಕು ಬಂದ್. ದೃಷ್ಟಾಂತವಾಗಿ ಒಬ್ಬ ಅಭ್ಯರ್ಥಿಯನ್ನು ಊಹಿಸೋಣ. ಮನೆಮನೆಗೆ ಹೋಗಿ ಬರೀ ಕೈ ಮುಗಿಯುತ್ತಾನೆ. ಪಕ್ಕದವನು ‘ಅಣ್ಣಂಗೆ ಮಾತು ಬರ್ತಿಲ್ಲಮ್ಮಾ’ ಎಂದು ಅನುವಾದಿಸುತ್ತಾನೆ. ಒಂದು ಮನೆಯಲ್ಲಿ ಅಜ್ಜಿಯೊಬ್ಬಳು ಕೂರಿಸಿ, ಮೆಣಸು ಜಜ್ಜಿ ಹಾಕಿದ ಕಷಾಯ ಎರಡು ಲೋಟ ಕುಡಿಸಿದಳು. ಗಂಟಲು ಬಿಟ್ಟಿತು, ದನಿ ಸೀದಾ ತಾರಸ್ಥಾಯಿಗೆ ಮರಳಿತು, ಅಭ್ಯರ್ಥಿ ಸೋತ. ಆ ಅಜ್ಜಿಯ ಮಗ ಎದುರು ಪಕ್ಷದ ಬೂತ್ ಏಜೆಂಟ್.