ಗಪ್ಪ ಕೂಡಲಾರದ ಗಪ್ಪಿ ಕಾಕಾ

ನಿಡಸೋಸಿಯಿಂದ ಸಂಕೇಶ್ವರದವರೆಗೆ ಯಾವ ಓಣಿ ಹೊಕ್ಕರೂ ಒಬ್ಬ ಗಪ್ಪಿ ಕಾಕಾ ಸಿಗುತ್ತಾರೆ. ನೌಕರಿ ಮುಗಿದಿದೆ, ಮಗ ಪುಣೆ ಸೇರಿದ್ದಾನೆ, ಪಡಸಾಲೆಯಲ್ಲಿ ಟಿ.ವಿ. ಪಕ್ಕಕ್ಕೆ ಎರಡಡಿ ಉದ್ದದ ಗಾಜಿನ ತೊಟ್ಟಿ ಬಂದಿದೆ. ಕಾಕಾ ಹುಟ್ಟಾ ಮೀನು ಬಾಯಿಗಿಟ್ಟವರಲ್ಲ. ದುರದುಂಡೀಶ್ವರ ಮಠದ ದಾಸೋಹದಲ್ಲಿ ಪಳಗಿದ ನಾಲಿಗೆ ಅವರದು. ತಾವು ಮುಟ್ಟದ ಮೀನನ್ನು ಮೀನೇ ಗುಳುಂ ಮಾಡಿದ್ದನ್ನು, ಅದೂ ಹಡೆದ ತಾಯಿಯೇ ಮಾಡಿದ್ದನ್ನು, ಕಂಡ ದಿನ ಅವರಿಗೆ ಅನ್ನ ಇಳಿಯುವುದಿಲ್ಲ. ‘ಹಡದಾಕಿನ ತಿಂತಾಳಲ್ರೀ!’ ಎಂದು ಓಣಿಗೆಲ್ಲ ಸಾರಿ, ಮರುದಿನದಿಂದ ಗಾಜಿಗೆ ಮೂಗು ಒತ್ತಿ ಕೂಡುತ್ತಾರೆ. ನಮ್ಮ ಕಡೆ ಗಪ್ಪ ಕೂಡುವುದೆಂದರೆ ಸುಮ್ಮನಿರುವುದು. ಗಪ್ಪಿ ಸಾಕಿದವರಿಗೆ ಸಾಧ್ಯವಾಗದ್ದು ಅದೊಂದೇ. ಮರಿಗೆ ತಾಯಿಯಿಂದ ಅಪಾಯವಿಲ್ಲ ಎಂದು ನಾನು ಹೇಳುತ್ತಿಲ್ಲ. ಆದರೆ ತಾಯಿಯ ಹಸಿವನ್ನೂ ಕಾಕಾನ ಕಕ್ಕುಲಾತಿಯನ್ನೂ ತಕ್ಕಡಿಗೆ ಹಾಕಿದರೆ ಕಾಕಾನ ಕಡೆಯೇ ಕೆಳಗಿಳಿಯುತ್ತದೆ ಎಂಬುದು ನನ್ನ ವಾದ.

ಮೊದಲು ತಾಯಿಯ ಮೇಲಿನ ಆರೋಪ ನೋಡೋಣ. ಗಪ್ಪಿ ಮೊಟ್ಟೆ ಇಡುವುದಿಲ್ಲ, ಮರಿ ಹಾಕುತ್ತದೆ. ಮೂರು-ನಾಲ್ಕು ವಾರಕ್ಕೊಂದು ಹೆರಿಗೆ, ಒಂದೊಂದಕ್ಕೆ ಇಪ್ಪತ್ತು-ಮೂವತ್ತು ಮರಿ, ಕೆಲವೊಮ್ಮೆ ಅದರ ದುಪ್ಪಟ್ಟು. ಗಂಡಿನ ಬೀಜವನ್ನು ಒಡಲಲ್ಲಿ ತಿಂಗಳುಗಟ್ಟಲೆ ಕೂಡಿಟ್ಟುಕೊಂಡು, ಗಂಡನ ಮುಖ ಕಾಣದೆಯೂ ಹಡೆಯುತ್ತಲೇ ಇರಬಲ್ಲ ಜೀವ ಅದು. ಹುಟ್ಟುವ ಮರಿಯ ಉದ್ದ ಹೆಚ್ಚೆಂದರೆ ಏಳೆಂಟು ಮಿಲಿಮೀಟರ್. ಜೀರಿಗೆ ಕಾಳಿಗೆ ಎರಡು ಕಣ್ಣು ಅಂಟಿಸಿದಂತಿರುತ್ತದೆ. ಹುಟ್ಟಿದ ಗಳಿಗೆಯಿಂದಲೇ ಈಜುತ್ತದೆ, ತಿನ್ನುತ್ತದೆ, ಓಡಿ ಅಡಗುತ್ತದೆ. ತಾಯಿಗೆ ಅದು ತನ್ನದು ಎಂಬ ಗುರುತಿಲ್ಲ. ಬಾಯಿಗೆ ಹಿಡಿಯುವಷ್ಟಿದ್ದು ಅಲುಗಾಡಿದ್ದೆಲ್ಲ ಅವಳಿಗೆ ಆಹಾರ. ಟ್ರಿನಿಡಾಡಿನ ಹೊಳೆಗಳಲ್ಲಿ ಡೇವಿಡ್ ರೆಜ್ನಿಕ್ ಮತ್ತು ಜತೆಗಾರರು ದಶಕಗಳ ಕಾಲ ಗಪ್ಪಿಗಳನ್ನು ಅಭ್ಯಾಸ ಮಾಡಿ ತೋರಿಸಿಕೊಟ್ಟಿದ್ದಾರೆ: ತಿನ್ನುವ ಮೀನುಗಳು ಹೆಚ್ಚಿರುವ ಕಡೆ ಗಪ್ಪಿಗಳು ಬೇಗ ಪ್ರಾಯಕ್ಕೆ ಬರುತ್ತವೆ, ಸಣ್ಣ ಸಣ್ಣ ಮರಿಗಳನ್ನು ಹೆಚ್ಚು ಹಾಕುತ್ತವೆ. ಅಂದರೆ ನಷ್ಟವನ್ನು ಮೊದಲೇ ಖರ್ಚಿಗೆ ಬರೆದುಕೊಂಡು ನಡೆಸುವ ವ್ಯಾಪಾರವಿದು. ಹೊಳೆಯಲ್ಲಿ ಮರಿಗೆ ಕಲ್ಲಿನ ಸಂದಿಯಿದೆ, ಬೇರಿನ ಜಡೆಯಿದೆ, ಓಡಲು ದೂರವಿದೆ. ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ತೊಟ್ಟಿಗೆ ಹಿಡಿಯುವುದು ಐವತ್ತೈದು ಲೀಟರಿನ ಆಸುಪಾಸು ನೀರು. ನಾಲ್ಕೂ ಕಡೆ ಗಾಜು, ಮೇಲೆ ಟ್ಯೂಬ್‌ಲೈಟು. ಆ ಬಯಲಿನಲ್ಲಿ ಹೆರಿಗೆಯಾದರೆ ತಪ್ಪು ತಾಯಿಯದೋ, ಬಯಲು ಮಾಡಿಟ್ಟವರದೋ?

ಮರಿಗೆ ಬೇಕಾದದ್ದು ಮರೆ. ಜಾವಾ ಪಾಚಿಯ ಒಂದು ಮುದ್ದೆ, ಹಾರ್ನ್‌ವರ್ಟ್ ಗಿಡದ ಒಂದು ಹಿಡಿ, ನೀರಿನ ಮೇಲೆ ತೇಲುವ ಅಂತರಗಂಗೆಯ ಗಡ್ಡದಂಥ ಬೇರು, ತಳದಲ್ಲಿ ಹುಡುಗರಾಡುವ ಗೋಲಿಗಳ ಒಂದು ಪದರ. ಇಷ್ಟಿದ್ದು, ದೊಡ್ಡ ಮೀನುಗಳ ಹೊಟ್ಟೆಗೆ ಹೊತ್ತುಹೊತ್ತಿಗೆ ಬಿದ್ದರೆ, ಸಾಕಷ್ಟು ಮರಿ ತಾವಾಗಿ ಉಳಿಯುತ್ತವೆ. ಮೂರು-ನಾಲ್ಕು ವಾರದಲ್ಲಿ ತಾಯಿಯ ಬಾಯಿಗೆ ಮೀರಿ ಬೆಳೆಯುತ್ತವೆ. ಆದರೆ ಕಾಕಾಗೆ ಬೇಕಾದದ್ದು ನೋಟ. ಗಿಡ ದಟ್ಟವಾದರೆ ಮರಿ ಕಾಣುವುದಿಲ್ಲ, ಕಾಣದಿದ್ದರೆ ಎಣಿಕೆ ಹತ್ತುವುದಿಲ್ಲ, ಎಣಿಕೆ ಹತ್ತದಿದ್ದರೆ ರಾತ್ರಿ ನಿದ್ದೆ ಹತ್ತುವುದಿಲ್ಲ. ಹೀಗಾಗಿ ‘ಭಾಳ ಕಸಾ ಬೆಳದೈತಿ’ ಎಂದು ಮರೆಯನ್ನೆಲ್ಲ ಕಿತ್ತು, ಪೇಟೆಯಿಂದ ಪ್ಲಾಸ್ಟಿಕ್ಕಿನ ಹೆರಿಗೆ ಡಬ್ಬಿ ತರುತ್ತಾರೆ. ಡಬ್ಬಿಯ ತಳದಲ್ಲಿ ಸೀಳು. ಹುಟ್ಟಿದ ಮರಿ ಸೀಳಿನಿಂದ ಕೆಳಗಿಳಿದು ಬಚಾವಾಗಬೇಕೆಂಬುದು ಲೆಕ್ಕ. ಲೆಕ್ಕ ತಪ್ಪೇನಲ್ಲ. ಆದರೆ ಕಾಕಾ ಹೆರಿಗೆಗೆ ವಾರವಿರುವಾಗಲೇ ತಾಯಿಯನ್ನು ಅದರೊಳಗೆ ಕೂರಿಸುತ್ತಾರೆ. ಮೈ ತಿರುಗಿಸಲೂ ತಾವಿಲ್ಲದ ಆ ಖೋಲಿಯಲ್ಲಿ, ದಿನಕ್ಕೆ ಇಪ್ಪತ್ತು ಸಲ ಮೊಬೈಲ್ ಟಾರ್ಚಿನ ಬೆಳಕಿಗೆ ಬೆಚ್ಚಿ, ಅದು ದಿನ ತುಂಬುವ ಮೊದಲೇ ಹಡೆಯುವುದುಂಟು, ಸತ್ತೇ ಹೋಗುವುದೂ ಉಂಟು. ಬದುಕಿದರೆ ಬಾಣಂತನ. ಗೋಕಾಕದ ಕರದಂಟನ್ನು ತೊಟ್ಟಿಗೆ ಹಾಕುವುದೊಂದು ಬಾಕಿ. ಉಳಿದಂತೆ ಬೇಯಿಸಿದ ತತ್ತಿಯ ಭಂಡಾರದ ಪುಡಿ, ಅದರ ಮೇಲೆ ಇನ್ನೊಂದು ಚಿಟಿಕೆ, ಯಾರಿಗೋ ಸಿಕ್ಕಿರಲಿಕ್ಕಿಲ್ಲವೆಂದು ಮತ್ತೊಂದು ಚಿಟಿಕೆ. ತಿಂದು ಉಳಿದದ್ದು ತಳದಲ್ಲಿ ಕೊಳೆತು ನೀರು ಕೆಡುತ್ತದೆ. ತಾಯಿಯ ಬಾಯಿಯಿಂದ ಪಾರಾದ ಮರಿ ಅಮೋನಿಯಕ್ಕೆ ಸಿಗುತ್ತದೆ.

ಇದಕ್ಕೆ ಕಾಕಾನ ಪಕ್ಷದಿಂದ ಬರುವ ತಕರಾರುಗಳು ಹಗುರವಲ್ಲ. ಮೀನಿಗೆ ಮಮತೆಯೇ ಇಲ್ಲವೆನ್ನಲು ಬರುವುದಿಲ್ಲ ಎನ್ನುತ್ತಾರೆ. ಖರೆ. ಮರಲ್ ಮೀನಿನ ಮರಿಗಳು ಕೆಂಪು ಮೋಡದಂತೆ ಗುಂಪುಗೂಡಿ ಈಜುವಾಗ ತಂದೆ-ತಾಯಿ ಕೆಳಗೆ ಕಾವಲಿರುತ್ತವೆ. 1952ರಲ್ಲಿ ಭಾರತಕ್ಕೆ ಬಂದು ನಮ್ಮ ಕೆರೆಗಳನ್ನೆಲ್ಲ ತುಂಬಿದ ಜಿಲೇಬಿ ಮೀನಿನ ತಾಯಿ ಮೊಟ್ಟೆ-ಮರಿಗಳನ್ನು ಬಾಯಲ್ಲೇ ಇಟ್ಟುಕೊಂಡು ಕಾಯುತ್ತಾಳೆ. ಒಬ್ಬಾಕೆ ಬಾಯಿಗೆ ಹಾಕಿಕೊಳ್ಳುವುದು ಉಳಿಸಲಿಕ್ಕೆ, ಇನ್ನೊಬ್ಬಾಕೆ ನುಂಗಲಿಕ್ಕೆ. ಒಂದರ ನಡತೆಯನ್ನು ಇನ್ನೊಂದರಿಂದ ಬಯಸುವುದು ಕೋಗಿಲೆಗೆ ಗೂಡು ಕಟ್ಟಲು ಹೇಳಿದಂತೆ. ಸರಕಾರದವರೂ ಮರಿ ಕಾಯುತ್ತಾರಲ್ಲ ಎಂಬುದು ಎರಡನೆಯದು. ಅದೂ ನಿಜವೇ: ಹಿಡಕಲ್‌ನಂಥ ಜಲಾಶಯಗಳಿಗೆ ಬಿಡುವ ಕಾಟ್ಲಾ, ರೋಹು ಮರಿಗಳನ್ನು ಮೊದಲು ನರ್ಸರಿ ಕೊಳದಲ್ಲಿ ಬೆಳೆಸಬೇಕು, ಅದಕ್ಕೂ ಮುನ್ನ ಹೆಕ್ಟೇರಿಗೆ 2,500 ಕಿಲೊ ಹಿಪ್ಪೆ ಹಿಂಡಿ ಹಾಕಿ ಕೊಳದಲ್ಲಿರುವ ತಿನ್ನುವ ಮೀನುಗಳನ್ನು ತೆಗೆಯಬೇಕು ಎಂಬುದು ಮೀನುಗಾರಿಕೆಯ ಪಾಠ. ಆದರೆ ಅಲ್ಲಿ ಮರಿಯನ್ನು ಮೀನಿನ ಬಾಯಿಂದ ಬಿಡಿಸುವುದು ಮುಂದೆ ಮನುಷ್ಯರ ಬಾಯಿಗೆ ಬೀಳಲಿ ಎಂದು. ಆ ಲೆಕ್ಕ ಕಾಕಾನ ಮನೆಯ ಒಲೆಗೆ ಹೊಂದುವುದಿಲ್ಲ.

ಮೂರನೆಯ ತಕರಾರು ಪುರಾಣದ್ದು, ಮತ್ತು ಅದೇ ಗಟ್ಟಿಯಾದದ್ದು. ಶತಪಥ ಬ್ರಾಹ್ಮಣದಲ್ಲಿ ಬೆಳಗ್ಗೆ ಕೈ ತೊಳೆಯುವ ಮನುವಿನ ಬೊಗಸೆಗೆ ಬಂದ ಮರಿಮೀನು ಕೇಳಿದ್ದೂ ಇದನ್ನೇ: ಸಣ್ಣವರಾಗಿರುವಾಗ ನಮಗೆ ಸಾವು ಹೆಚ್ಚು, ಮೀನನ್ನು ಮೀನೇ ನುಂಗುತ್ತದೆ, ನನ್ನನ್ನು ಕಾಪಾಡು. ಮನು ಅದನ್ನು ಕೊಡದಲ್ಲಿ ಇಟ್ಟ, ಕೊಡಕ್ಕೆ ಮೀರಿದಾಗ ಗುಂಡಿ ತೋಡಿದ, ಅದಕ್ಕೂ ಮೀರಿದಾಗ ಕಡಲಿಗೆ ಬಿಟ್ಟ. ಪ್ರಳಯದಲ್ಲಿ ಅದೇ ಮೀನು ಅವನ ಹಡಗನ್ನು ಎಳೆಯಿತು. ಪರಂಪರೆ ಬಲವಾಗಿದೆ, ಒಪ್ಪೋಣ. ಆದರೆ ಮನು ಕಾಯ್ದದ್ದು ಒಂದೇ ಮರಿ, ಅದಕ್ಕೆ ಕಡಲು ಹತ್ತಿರವಿತ್ತು. ಕಾಕಾನ ತೊಟ್ಟಿಯಲ್ಲಿ ನಾಲ್ಕು ಹೆಣ್ಣು, ತಲಾ ಮೂವತ್ತು ಮರಿ ಎಂದರೆ ತಿಂಗಳಿಗೆ ನೂರಿಪ್ಪತ್ತು. ಒಂದನ್ನೂ ಬಿಡದೆ ಉಳಿಸಿದರೆ ಮೂರು ತಿಂಗಳಿಗೆ ಮುನ್ನೂರರವತ್ತು, ಅಷ್ಟರಲ್ಲಿ ಮೊದಲ ಸೂಲಿನ ಹೆಣ್ಣುಮಕ್ಕಳಿಗೂ ದಿನ ತುಂಬಿರುತ್ತದೆ. ಕೊಡ, ಬಕೆಟ್ಟು, ಹಳೆಯ ಕುಕ್ಕರು, ಮೊಮ್ಮಗಳು ಸ್ನಾನ ಮಾಡುತ್ತಿದ್ದ ಟಬ್ಬು ಎಲ್ಲ ತುಂಬಿ, ಕಡೆಗೆ ಕಾಕೂ ಹಿಟ್ಟು ನಾದುವ ಪರಾತದ ಮೇಲೆ ಕಣ್ಣು ಬಿದ್ದಾಗ ಮನೆಯಲ್ಲಿ ಪ್ರಳಯ ಮೊದಲಾಗುತ್ತದೆ. ಆಗ ಹಡಗೆಳೆಯಲು ಯಾವ ಗಪ್ಪಿಯೂ ಬರುವುದಿಲ್ಲ.

ಹಾಗಾದರೆ ಹಿರಣ್ಯಕೇಶಿಗೋ ಘಟಪ್ರಭೆಗೋ ಬಿಟ್ಟು ಬಂದರಾಯಿತು ಎನ್ನುವವರಿದ್ದಾರೆ. ಅದು ಇನ್ನೂ ಕೆಟ್ಟ ಪರಿಹಾರ. ಹೊರಗಿನಿಂದ ಬಂದ ಗಪ್ಪಿ ನಮ್ಮ ಹೊಳೆಯ ಸಣ್ಣ ಮೀನುಗಳ ಕೂಳಿಗೆ ಕೈ ಹಾಕುತ್ತದೆ, ಅವುಗಳ ಮೊಟ್ಟೆ-ಮರಿಗಳನ್ನೂ ಬಿಡುವುದಿಲ್ಲ. ಅಂತರಗಂಗೆಯನ್ನು ಜತೆಗೆ ಎಸೆದರೆ ನೀರನ್ನೇ ಮುಚ್ಚುತ್ತದೆ. ಸೊಳ್ಳೆಮರಿ ತಿನ್ನುವ ಗುಣಕ್ಕಾಗಿ ಗಪ್ಪಿಯನ್ನು ಕೋಲಾರ ಜಿಲ್ಲೆಯ ಹಳ್ಳಿಗಳ ಬಾವಿಗಳಿಗೆ ಬಿಟ್ಟು ಮಲೇರಿಯಾ ತಗ್ಗಿಸಿದ್ದುಂಟು. ಅದು ಆರೋಗ್ಯ ಇಲಾಖೆಯವರು ಜಾಗ ನೋಡಿ ಮಾಡುವ ಕೆಲಸ. ಆ ಬಾವಿಗಳಲ್ಲಿ ಹೆರಿಗೆ ಡಬ್ಬಿ ಇರಲಿಲ್ಲ, ಟಾರ್ಚು ಹಿಡಿದು ಎಣಿಸುವವರಿರಲಿಲ್ಲ, ಆದರೂ ಗಪ್ಪಿಯ ವಂಶ ನಡೆಯಿತು ಎಂಬುದನ್ನು ಕಾಕಾಗೆ ಹೇಳಿ ನೋಡಿ. ‘ಬಾಂವಿ ಬ್ಯಾರೆ, ಮನಿ ಬ್ಯಾರೆ’ ಎನ್ನುತ್ತಾರೆ. ಮಾತು ನೂರಕ್ಕೆ ನೂರು ಸರಿ. ಮನೆಯನ್ನು ಒಂದಿಷ್ಟು ಬಾವಿಯಂತೆ ಮಾಡಿ ಎಂದಷ್ಟೇ ನಾನೂ ಹೇಳುತ್ತಿರುವುದು. ಆದರೆ ಅಷ್ಟರಲ್ಲಿ ಅವರು ಪಾಕೀಟಿಗೆ ನೀರು ತುಂಬಿ, ಹತ್ತು ಮರಿ ಬಿಟ್ಟು, ರಬ್ಬರು ಸುತ್ತಿ ಎದ್ದಾಗಿರುತ್ತದೆ. ಈ ಸೀಮೆಯಲ್ಲಿ ಸೀಮಂತಕ್ಕೂ ಗೃಹಪ್ರವೇಶಕ್ಕೂ ಕಾಕಾನ ಉಡುಗೊರೆ ಅದೇ. ಅವರು ಬಾಗಿಲಲ್ಲಿ ಕಂಡೊಡನೆ ಬೆಕ್ಕು ಸಾಕದ ಮನೆಯವರೂ ಒಳಗಿನಿಂದಲೇ ಕೂಗುತ್ತಾರೆ: ‘ಬ್ಯಾಡ್ರಿ ಕಾಕಾ, ನಮ್ಮ ಮನ್ಯಾಗ ಬೆಕ್ಕ ಐತಿ!’