ಗಾಜಿಗಂಟಿದ ಸಾಕ್ಷಿ

ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ತಾನೇ ಬಂದು ಗುದ್ದಿದವನು "ಏನ್ ಸಾರ್, ಕಣ್ಣು ಕಾಣಲ್ವಾ?" ಎಂದು ನಮ್ಮನ್ನೇ ದಬಾಯಿಸುವ ಕಾಲವಿದು. ಕಾರಿನ ಗಾಜಿಗಂಟಿ ರಸ್ತೆಯನ್ನು ಚಿತ್ರೀಕರಿಸುವ ಡ್ಯಾಶ್ ಕ್ಯಾಮ್ ವ್ಯಾಪಾರ ಕುದುರದೆ ಇನ್ನೇನಾದೀತು?

ಅಂಗಡಿಯವನು ಫೋರ್ ಕೆ ಎನ್ನುತ್ತಾನೆ, ವೈ-ಫೈ ಎನ್ನುತ್ತಾನೆ. ನೀವು ಕೇಳಬೇಕಾದ್ದು ಒಂದೇ: ಒಳಗಿರುವುದು ಬ್ಯಾಟರಿಯೋ, ಬಿಸಿ ತಾಳುವ ಸೂಪರ್ ಕೆಪಾಸಿಟರೋ? ರಾಯಚೂರಿನ ಏಪ್ರಿಲ್ ಬಿಸಿಲಲ್ಲಿ ನಿಂತ ಕಾರಿನ ಗಾಜಿನ ಹಿಂದೆ ಬ್ಯಾಟರಿ ಹಪ್ಪಳದಂತೆ ಉಬ್ಬೀತು. ಕ್ಯಾಮೆರಾಕ್ಕೆ ಒಳಗನ್ನಡಿಯ ಹಿಂದಿನ ಜಾಗವೇ ಸರಿ. ಕನ್ನಡಿಗೆ ತೂಗುಬಿಟ್ಟ ಆಂಜನೇಯನನ್ನು ಮಾತ್ರ ಸ್ವಲ್ಪ ಸರಿಸಬೇಕು, ಇಲ್ಲದಿದ್ದರೆ ರೆಕಾರ್ಡಿಂಗ್ ತುಂಬ ಅವನ ಬಾಲವೇ. ವೈರಿಂಗ್ ಕತ್ತರಿಸಿ ಜೋಡಿಸುವ ಮೆಕ್ಯಾನಿಕ್ಕಿಗೆ ಕೈ ಮುಗಿಯಿರಿ. ವಾರಂಟಿಗೂ ಕತ್ತರಿ ಬಿದ್ದೀತು.

ಈ ಸಾಕ್ಷಿಗೆ ಒಡೆಯನೆಂಬ ದಾಕ್ಷಿಣ್ಯವಿಲ್ಲ. ಎದುರಿನವನ ರಾಂಗ್ ಸೈಡಿನ ಜತೆಗೆ, ಜಿಪಿಎಸ್ ಇದ್ದರೆ ನಿಮ್ಮ ವೇಗವನ್ನೂ ದಾಖಲಿಸುತ್ತದೆ. ಮೈಕ್ ಆನ್ ಇದ್ದರೆ ನೀವು ಬೈದದ್ದು, ಹಿಂದಿನ ಸೀಟಿನಲ್ಲಿ ನಡೆದ ನೆಂಟರ ಮದುವೆಯೂಟದ ವಿಮರ್ಶೆ, ಎಲ್ಲವೂ ಭದ್ರ. ಕಂಡವರ ಮುಖವನ್ನು ಬಣ್ಣದ ಶೀರ್ಷಿಕೆ ಕೊಟ್ಟು ವಾಟ್ಸಾಪಿಗೆ ಹರಿಬಿಟ್ಟರೆ ಮಾನಹಾನಿಯ ನೋಟಿಸು ನಿಮ್ಮ ಮನೆಗೇ ಬಂದೀತು. ಕೋರ್ಟಿಗಾದರೆ ಭಾರತೀಯ ಸಾಕ್ಷ್ಯ ಅಧಿನಿಯಮ, 2023ರ 63ನೇ ಕಲಮಿನ ಪ್ರಮಾಣಪತ್ರವೂ ಬೇಕು.

ಕ್ಯಾಮೆರಾದ ಮೆಮೊರಿ ಕಾರ್ಡ್ ತುಂಬಿದೊಡನೆ ಹಳೆಯದರ ಮೇಲೇ ಹೊಸದು ದಾಖಲಾಗುತ್ತದೆ. ಗುದ್ದಿಸಿಕೊಂಡ ದಿನವೇ ಕಾರ್ಡ್ ತೆಗೆದಿಡಿ. ಜಗಳ ಆಮೇಲೆ ಆಡಬಹುದು.