ಕೇಳಿದವರಿಗೆಲ್ಲ ಬಾಗಿಲು ತೆಗೆಯುವ ಯುಪಿಎನ್‌ಪಿ ಬುದ್ಧಿಯವರಿಗೆ

ರೂಟರಿನೊಳಗಿದ್ದು, ಕೇಳಿದ ಸಾಧನಕ್ಕೆ ಹೊರಬಾಗಿಲು ತೆಗೆಯುವ ಮಹಾರಾಜಶ್ರೀ ಯುಪಿಎನ್‌ಪಿ ಬುದ್ಧಿಯವರ ಸಮ್ಮುಖಕ್ಕೆ, ತಮ್ಮ ಯಜಮಾನನೆಂದು ಅಂಗಡಿ ರಸೀದಿಯಲ್ಲಿ ಮಾತ್ರ ನಮೂದಾಗಿರುವ ಕೊಳ್ಳೇಗಾಲದ ಗ್ರಾಹಕನ ಅರಿಕೆ.



ನಮ್ಮೂರು ಹೆಸರಾಗಿರುವುದು ರೇಷ್ಮೆಗೆ. ಆದರೆ ಸಿನಿಮಾದವರ ಕೃಪೆಯಿಂದ ಹೊರಗಿನವರಿಗೆ ಕೊಳ್ಳೇಗಾಲ ಎಂದ ಕೂಡಲೇ ನೆನಪಾಗುವುದು ಸೀರೆಯಲ್ಲ, ಮಾಟ. ಯಾರೋ ಏನೋ ಮಾಡಿಸಿದ್ದಾರೆ, ಮನೆಗೊಂದು ದಿಗ್ಬಂಧನ ಹಾಕಿಕೊಡಿ ಎಂದು ಕಾರು ಮಾಡಿಕೊಂಡು ಬರುವವರಿಗೆ ಇವತ್ತಿಗೂ ಬರವಿಲ್ಲ. ಅಂಥ ಊರಿನಲ್ಲಿ, ಟಿವಿ ಮೇಲಿನ ಹಲಗೆಯಲ್ಲಿ ಕೂತು, ಆಯುಧಪೂಜೆಯ ಕುಂಕುಮವನ್ನು ಹಣೆಗೆ ಹಚ್ಚಿಸಿಕೊಂಡು, ಒಳಗಿಂದೊಳಗೇ ದಿಗ್ಬಂಧನ ಬಿಚ್ಚುತ್ತಿದ್ದೀರಲ್ಲ, ತಮ್ಮ ಧೈರ್ಯಕ್ಕೆ ಮೊದಲು ಅಡ್ಡಬಿದ್ದೆ.

ತಮ್ಮ ಪಕ್ಕದಲ್ಲೇ ಫೈರ್‌ವಾಲ್ ಎಂಬ ಕಾವಲುಗಾರನಿದ್ದಾನೆ. ಅವನಿಗೆ ಗೊತ್ತಿರುವುದು ಒಂದೇ ಮಾತು: ಮನೆಯವರು ಹೊರಗೆ ಏನಾದರೂ ಕೇಳಿದ್ದರೆ ಅದರ ಉತ್ತರ ಒಳಗೆ ಬರಲಿ, ಕರೆಯದೆ ಬಂದದ್ದು ಹೊಸ್ತಿಲಾಚೆಯೇ ಬಿದ್ದಿರಲಿ. ಪೋರ್ಟು ಎಂಬ 65,535 ಬಾಗಿಲುಗಳಿಗೂ ಇದೇ ಕಾನೂನು. ಪಾಪ, ಅವನು ಇಷ್ಟು ನಿಷ್ಠೆಯಿಂದ ಬಾಗಿಲು ಕಾಯುತ್ತಿರುವಾಗ ಮನೆಯೊಳಗಿನ ಒಂದು ಅಗ್ಗದ ಕ್ಯಾಮೆರಾ 239.255.255.250 ಎಂಬ ವಿಳಾಸಕ್ಕೆ, 1900ನೇ ಪೋರ್ಟಿನಲ್ಲಿ, ‘ಬಾಗಿಲು ತೆಗೆಯೋರು ಯಾರಾದ್ರೂ ಇದ್ದೀರಾ?’ ಎಂದು ಕೂಗುತ್ತದೆ. ‘ನಾನಿದ್ದೀನಿ’ ಎನ್ನುತ್ತೀರಿ ತಾವು. ‘ನನಗೆ 80 ಮತ್ತು 554 ತೆಗೆದುಕೊಡಿ’ ಎನ್ನುತ್ತದೆ ಅದು. ತಾವು ತೆಗೆದುಕೊಡುತ್ತೀರಿ. ಹೆಸರು ಕೇಳಲಿಲ್ಲ, ಪಾಸ್‌ವರ್ಡ್ ಕೇಳಲಿಲ್ಲ. ಕೇಳಿದ್ದು ಕ್ಯಾಮೆರಾವೋ, ಕ್ಯಾಮೆರಾದೊಳಗೆ ಹೊಕ್ಕ ವೈರಸ್ಸೋ ಎಂಬ ಅನುಮಾನವೂ ತಮಗೆ ಬರಲಿಲ್ಲ. ಮನೆಯೊಳಗಿದ್ದಾನೆ ಎಂದ ಮೇಲೆ ನಂಬಿಕಸ್ತನೇ ಸರಿ! ನಮ್ಮ ಕೊಳ್ಳೇಗಾಲ ತಾಲ್ಲೂಕು ಕೊಯಮತ್ತೂರು ಜಿಲ್ಲೆಯಿಂದ ಮೈಸೂರು ರಾಜ್ಯಕ್ಕೆ ಬರಬೇಕಾದರೆ 1956ರಲ್ಲಿ ಪಾರ್ಲಿಮೆಂಟಿನ ಕಾಯ್ದೆಯೇ ಆಗಬೇಕಾಯಿತು. ತಮ್ಮಲ್ಲಿ ಗಡಿ ದಾಟಿಸಲು ಒಂದು ಚೀಟಿಯೂ ಬೇಡ.

ತೆಗೆದದ್ದನ್ನು ಮುಚ್ಚುವ ಅಭ್ಯಾಸವಾದರೂ ಇದೆಯೇ? ಯಳಂದೂರಿನಿಂದ ಬಿಳಿಗಿರಿರಂಗನ ಬೆಟ್ಟಕ್ಕೆ ಹೋಗುವ ದಾರಿಯಲ್ಲಿ ಗುಂಬಳ್ಳಿ ಚೆಕ್‌ಪೋಸ್ಟಿನ ಗೇಟು ಕತ್ತಲಾದರೆ ಬೀಳುತ್ತದೆ. ತಮ್ಮ ಹಳೆಯ ಆವೃತ್ತಿಯಲ್ಲಿ ಅವಧಿಯ ಜಾಗದಲ್ಲಿ ಸೊನ್ನೆ ಬರೆದರೆ ಸಾಕು, ಬಾಗಿಲು ಶಾಶ್ವತವಾಗಿ ತೆಗೆದಂತೆ. 2010ರಲ್ಲಿ ಬಂದ ಎರಡನೇ ಆವೃತ್ತಿ ಬುದ್ಧಿ ಕಲಿತು, ಒಂದು ವಾರಕ್ಕಿಂತ ಹೆಚ್ಚು ಕೊಡಬಾರದು ಎಂದಿತು. ನಮ್ಮ ಕಡೆಯ ರೂಟರುಗಳಿಗೆ ಆ ಸುದ್ದಿ ಮುಟ್ಟಿದೆಯೋ ಇಲ್ಲವೋ ತಾವೇ ಹೇಳಬೇಕು.

ಪರಿಣಾಮ ನೋಡಿ. ಸೀರೆ ಅಂಗಡಿಯೊಬ್ಬರು ಕಳ್ಳರ ಭಯಕ್ಕೆ ನಾಲ್ಕು ಕ್ಯಾಮೆರಾ, ಅವುಗಳ ಚಿತ್ರ ಹಿಡಿದಿಡುವ ಒಂದು ಡಿವಿಆರ್ ಹಾಕಿಸುತ್ತಾರೆ. ಪಾಸ್‌ವರ್ಡ್ 12345, ಮರೆಯಬಾರದಲ್ಲ! ಡಿವಿಆರ್ ಕೇಳುತ್ತದೆ, ತಾವು ತೆಗೆಯುತ್ತೀರಿ. ಆಮೇಲೆ ಯಾವ ದೇಶದಲ್ಲೋ ಕೂತವನಿಗೆ ಕೆಂಪಂಚಿನ ಸೀರೆ ಯಾವ ಸಾಲಿನಲ್ಲಿದೆ, ಗಲ್ಲಾಪೆಟ್ಟಿಗೆ ಯಾವ ಕಡೆಗೆ ತೆರೆಯುತ್ತದೆ, ಸಾಹುಕಾರರು ಊಟದ ಮೇಲೆ ಎಷ್ಟು ಹೊತ್ತು ತೂಕಡಿಸುತ್ತಾರೆ, ಎಲ್ಲವೂ ಲೈವ್. ಕಳ್ಳ ಬರಲಿ ಬಿಡಲಿ, ಕಳ್ಳನಿಗೆ ಅಂಗಡಿ ತೋರಿಸುವ ಏರ್ಪಾಡಂತೂ ಅಂಗಡಿಯವರ ಖರ್ಚಿನಲ್ಲೇ ಆಗಿಹೋಗಿರುತ್ತದೆ.

ಇದೆಲ್ಲ ನನ್ನ ಹೊಟ್ಟೆಕಿಚ್ಚಿನ ಮಾತು ಎಂದು ತಾವು ತಳ್ಳಿಹಾಕಬಹುದು. ಹಾಗಾದರೆ 2013ರ ಜನವರಿಯಲ್ಲಿ ರ‍್ಯಾಪಿಡ್7 ಎಂಬ ಭದ್ರತಾ ಕಂಪನಿ ಪ್ರಕಟಿಸಿದ್ದನ್ನು ಓದಿ. ಅವರು ಹೊರಗಿನ ಬೀದಿಯಲ್ಲಿ, ಎಂದರೆ ಇಂಟರ್‌ನೆಟ್ಟಿನಲ್ಲಿ, ನಿಂತು ‘ಯಾರಿದ್ದೀರಿ?’ ಎಂದು ಕೂಗಿದರು. ಓಗೊಟ್ಟ ವಿಳಾಸಗಳು 8.1 ಕೋಟಿ! ಮನೆಯೊಳಗಿನ ಕೂಗಿಗೆ ಮಾತ್ರ ಉತ್ತರಿಸಬೇಕಾದ ತಮ್ಮ ಬಳಗ ಬೀದಿಯವನಿಗೂ ‘ಬನ್ನಿ ಸೋಮಿ’ ಎಂದಿತ್ತು. 2018ರಲ್ಲಿ ಅಕಮೈ ಕಂಪನಿ ನೋಡಿದಾಗ, ತೆಗೆದ ಬಾಗಿಲುಗಳ ತಮ್ಮ ಪಟ್ಟಿಯಲ್ಲಿ ಕಳ್ಳರೇ ಬಂದು ನಮೂದು ಬರೆದು ಹೋಗಿದ್ದ ರೂಟರುಗಳು 65,000ಕ್ಕೂ ಹೆಚ್ಚು. ಬೇರೆಡೆ ದಾಳಿ ಮಾಡುವವರು ಹೆಜ್ಜೆಗುರುತು ಅಳಿಸಿಕೊಳ್ಳಲು ಯಾರದೋ ಮನೆಯ ರೂಟರನ್ನು ತಂಗುದಾಣ ಮಾಡಿಕೊಂಡಿದ್ದರು.

ನಮ್ಮ ರಾಜ್ಯದ ಮಾತೇ ಬೇಕೆಂದರೆ 2017ರ ಜುಲೈ ಇದೆ. ಬಿಎಸ್‌ಎನ್‌ಎಲ್‌ನ ಕರ್ನಾಟಕ ವಲಯದಲ್ಲಿ ಬ್ರಾಡ್‌ಬ್ಯಾಂಡ್ ಮೋಡೆಮ್‌ಗಳು ಕುತಂತ್ರಾಂಶಕ್ಕೆ ಸಿಕ್ಕಿ ಕಣ್ಣುಮುಚ್ಚಿದವು. ಸಿಕ್ಕಿದವು ಯಾವುವು? ಕಾರ್ಖಾನೆಯಿಂದ ಬಂದ ‘ಅಡ್ಮಿನ್’ ಪಾಸ್‌ವರ್ಡನ್ನು ಹಾಗೇ ಉಳಿಸಿಕೊಂಡವು. ಪಾಸ್‌ವರ್ಡ್ ಬದಲಿಸಿಕೊಳ್ಳಿ ಎಂದು ಸಂಸ್ಥೆ ಗ್ರಾಹಕರಿಗೆ ಸಾರಬೇಕಾಯಿತು. ನ್ಯಾಯವಾಗಿ ಹೇಳಬೇಕೆಂದರೆ ಅದರಲ್ಲಿ ತಮ್ಮ ಕೈ ಇರಲಿಲ್ಲ; ಅದು ದೂರದಿಂದ ಮೋಡೆಮ್ ನಿರ್ವಹಿಸುವ ಇನ್ನೊಂದು ಬಾಗಿಲಿನ ಕಥೆ. ಆದರೆ ಯಜಮಾನ ಯಾವ ಬಾಗಿಲನ್ನೂ ನೋಡಿರಲಿಲ್ಲ ಎಂಬುದು ಎರಡೂ ಕಡೆ ಒಂದೇ.

ಈಗ ತಮ್ಮ ಇನ್ನೊಂದು ಮುಖ. ಹನೂರಿನ ನಮ್ಮ ಭಾವ ತೋಟದ ಮನೆಗೆ ಇಂಟರ್‌ನೆಟ್ ಎಳೆಸಿ ಪಂಪ್‌ಸೆಟ್ ಹತ್ತಿರ ಒಂದು ಕ್ಯಾಮೆರಾ ನಿಲ್ಲಿಸಿದ್ದಾರೆ. ಜೋಳಕ್ಕೆ ಆನೆ ನುಗ್ಗಿತೋ, ಹಂದಿ ನುಗ್ಗಿತೋ ಕೊಳ್ಳೇಗಾಲದಲ್ಲಿ ಕೂತು ನೋಡಬೇಕೆಂಬ ಆಸೆ. ಜೀವಮಾನದಲ್ಲಿ ಒಮ್ಮೆ ಯಜಮಾನನೇ ಬಾಗಿಲು ತೆಗೆಯಿರಿ ಎಂದು ಕೇಳಿದ ಗಳಿಗೆ ಅದು. ತಾವು ‘ಸಕ್ಸೆಸ್’ ಎಂದು ಹಸಿರು ದೀಪ ತೋರಿಸಿದಿರಿ. ಮೊಬೈಲಿನಲ್ಲಿ ಮಾತ್ರ ಚಕ್ರ ತಿರುಗಿತೇ ಹೊರತು ಆನೆಯೂ ಇಲ್ಲ, ಹಂದಿಯೂ ಇಲ್ಲ. ಕಾರಣ ಹುಡುಕಿದರೆ, ರೂಟರಿಗೆ ಕಂಪನಿ ಕೊಟ್ಟ ಹೊರವಿಳಾಸ 100.64ರಿಂದ 100.127ರ ಒಳಗೆ ಬಿದ್ದಿದೆ. ಐಪಿವಿ4 ಎಂಬ ಹಳೆಯ ಬಗೆಯ ವಿಳಾಸಗಳು ಸಾಲದೆ ಒಂದೇ ವಿಳಾಸವನ್ನು ನೂರಾರು ಮನೆಗೆ ಹಂಚಲು 2012ರಲ್ಲಿ ಎತ್ತಿಟ್ಟ ಸಾಲು ಅದು. ಎಂದರೆ ತಾವು ತೆಗೆದದ್ದು ನಡುಮನೆಯ ಬಾಗಿಲು. ಬೀದಿಬಾಗಿಲಿನ ಬೀಗದ ಕೈ ಕಂಪನಿಯ ಹತ್ತಿರ. ಕಳ್ಳನಿಗೆ ತೆಗೆಯುವ ಬಾಗಿಲು ಭಾವನಿಗೆ ತೆಗೆಯಲು ಬರಲಿಲ್ಲ. ಕೊನೆಗೆ ಆ ಕ್ಯಾಮೆರಾ ತಾನೇ ಹೊರಗೆ ಹೋಗಿ ತನ್ನ ಕಂಪನಿಯ ಸರ್ವರ್ ಮುಟ್ಟುವ ಆ್ಯಪ್ ಹಾಕಿಕೊಂಡರು. ಅದಕ್ಕೆ ಪೋರ್ಟೂ ಬೇಡ, ತಾವೂ ಬೇಡ.

ಹೇಗೂ ಬೀದಿಬಾಗಿಲಿಗೆ ಕಂಪನಿಯ ಬೀಗವಿದೆಯಲ್ಲ ಎಂದು ನಿದ್ದೆ ಮಾಡುವ ಹಾಗೂ ಇಲ್ಲ. ಐಪಿವಿ6 ಎಂಬ ಹೊಸ ಬಗೆಯ ವಿಳಾಸ ಬಂದ ಮನೆಗಳಲ್ಲಿ ಈ ಮರೆಯೇ ಇಲ್ಲ. ಕ್ಯಾಮೆರಾ, ಟಿವಿ, ಫೋನು ಪ್ರತಿಯೊಂದಕ್ಕೂ ಲೋಕಕ್ಕೆಲ್ಲ ಕಾಣುವ ಸ್ವಂತ ವಿಳಾಸ. ನಡುವೆ ಉಳಿದಿರುವುದು ಆ ಫೈರ್‌ವಾಲ್ ಒಂದೇ. ಫೈಬರ್ ಎಳೆಯಲು ಬಂದ ಹುಡುಗ ಹೋಗುವಾಗ ಹೇಳಿದ್ದು: ‘ಫೈರ್‌ವಾಲ್ ಲೋ ಮಾಡಿವ್ನಿ ಸಾ, ಇನ್ ಕಂಪ್ಲೇಂಟ್ ಬರಲ್ಲ ಬುಡಿ.’ ನಿಜ, ಯಾವ ಕಂಪ್ಲೇಂಟೂ ಬಂದಿಲ್ಲ. ಒಳಗೆ ಬಂದವರು ಯಾರೂ ಕಂಪ್ಲೇಂಟ್ ಕೊಡುವವರಲ್ಲ.

ಆದಕಾರಣ ಈ ಪತ್ರವನ್ನೇ ಆಜ್ಞೆಯೆಂದು ತಿಳಿಯತಕ್ಕದ್ದು. ಇಂದು ರೂಟರಿನ 192.168.1.1 ಪುಟಕ್ಕೆ ಹೋಗಿ, ಮೆನುವಿನ ಮೂಲೆಯಲ್ಲಿ ಅಡಗಿದ್ದ ತಮ್ಮನ್ನು ಹುಡುಕಿ, ಟಿಕ್ ತೆಗೆದು, ಸೇವ್ ಒತ್ತಿದ್ದೇನೆ. ತಾವು ಬರೆದಿಟ್ಟ ಹಳೆಯ ನಮೂದುಗಳು ನಿವೃತ್ತಿಯ ನಂತರವೂ ಉಳಿದುಕೊಳ್ಳಬಹುದು ಎಂಬ ಗುಮಾನಿಯಿಂದ ರೂಟರನ್ನು ಆರಿಸಿ ಹಚ್ಚಿ, ಪಟ್ಟಿ ಖಾಲಿಯಾಗಿದೆಯೇ ಎಂದೂ ನೋಡಿದೆ. ಹೊರಗಿನಿಂದ ನಿರ್ವಹಿಸುವ ಸೌಲಭ್ಯ ಬಂದ್. ಫೈರ್‌ವಾಲ್ ಮತ್ತೆ ಮೇಲಕ್ಕೆ. ಪಾಸ್‌ವರ್ಡ್ ಬದಲು, ಕೇಳಬೇಡಿ, ಹೇಳುವುದಿಲ್ಲ. ಇನ್ನು ಮುಂದೆ ಯಾರಿಗಾದರೂ ಬಾಗಿಲು ಬೇಕಾದರೆ, ಆ ಸಾಧನಕ್ಕೆ ಬದಲಾಗದ ಒಳವಿಳಾಸ ಕೊಟ್ಟು, ಬೇಕಾದ ಒಂದೇ ಪೋರ್ಟನ್ನು ನಾನೇ ಕೈಯಾರೆ ತೆಗೆಯುತ್ತೇನೆ. ಕೆಲಸ ಮುಗಿದ ಮೇಲೆ ನಾನೇ ಮುಚ್ಚುತ್ತೇನೆ.

ಇತಿ,
ತಿಂಗಳು ತಿಂಗಳು ಬಿಲ್ ಕಟ್ಟುವವ

ವಿ.ಸೂ.: ಯಳಂದೂರಿನಿಂದ ರಜೆಗೆ ಬಂದಿರುವ ಅಕ್ಕನ ಮಗ ಒಳಗಿನಿಂದ ಕೂಗಿದ: ‘ಮಾವ, ಗೇಮಲ್ಲಿ ನ್ಯಾಟ್ ಸ್ಟ್ರಿಕ್ಟ್ ಅಂತ ಬತ್ತಾ ಅದೆ!’ ಎಂದರೆ ಅವನ ಆಟಕ್ಕೂ ಬಾಗಿಲು ಬೇಕು. ಯಾವ ಪೋರ್ಟು, ಟಿಸಿಪಿಯೋ ಯುಡಿಪಿಯೋ, ಎಷ್ಟು ಹೊತ್ತಿನವರೆಗೆ ಎಂದು ಬರೆದುಕೊಡು, ನೋಡೋಣ ಎಂದೆ. ಅವನು ಏನೂ ಬರೆಯುತ್ತಿಲ್ಲ. ರೂಟರಿನ ಹಿಂದಿರುವ ರೀಸೆಟ್ ತೂತಿಗೆ ಹಿಡಿಸುವ ಪಿನ್ನು ಎಲ್ಲಿದೆ ಎಂದು ಅವನ ಅತ್ತೆಯನ್ನು ಕೇಳುತ್ತಿದ್ದಾನೆ. ಅದೊಂದು ಚುಚ್ಚಿದರೆ ಎಲ್ಲವೂ ಕಾರ್ಖಾನೆಯ ಸ್ಥಿತಿಗೆ ಮರಳಿ, ತಾವು ಮತ್ತೆ ಪಟ್ಟಕ್ಕೆ ಬರುತ್ತೀರಿ ಎಂಬುದು ತಮಗೂ ಗೊತ್ತು, ಅವನಿಗೂ ಗೊತ್ತು.